ಮೂರು ಮತ್ತು ನಾಲ್ಕರ ನಡುವೆ ಏಳು ನಿಮಿಷ

ನಮ್ಮ ಕಚೇರಿಯ ಲಿಫ್ಟು ಹಳೇ ಕಾಲದ್ದು. ಕಬ್ಬಿಣದ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ. ಅದನ್ನು ಇಪ್ಪತ್ತೆರಡು ವರ್ಷ ಏರಿಸಿ ಇಳಿಸಿದವನೇ ಲಿಫ್ಟಣ್ಣ. ಮುಷ್ಕರದ ದಿನ ಆ ಹಿಡಿಯನ್ನೇ ಕಳಚಿ ಜೇಬಿಗಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದ ಆಸಾಮಿ.

ಹೆಂಡತಿ ಸತ್ತಾಗ ಸಮಾಧಿಯ ಪಕ್ಕ ಪ್ರಾರ್ಥನೆಗೆಂದು ಬಾಯಿ ತೆರೆದ. ಒಂದು ಮಾತೂ ಬರಲಿಲ್ಲ. ಹುಟ್ಟು ಕ್ರೈಸ್ತ, ಐವತ್ತು ದಾಟಿದವನು, ಬಾಯಿ ಬಿಟ್ಟುಕೊಂಡು ನಿಂತೇ ಇದ್ದ. ಅದು ಅವನನ್ನು ಒಳಗೇ ಕೊರೆಯತೊಡಗಿತು. ಪಾದ್ರಿಯ ಬಳಿ ಹೋದ.

"ನಂಬಿಕೆಗೂ ತೋಳಿನ ಹಾಗೆ ದಿನಾ ಕೆಲಸ ಕೊಡಬೇಕು ಕಣಪ್ಪ," ಅಂದರು ಪಾದ್ರಿ. "ಒಂದೇ ಹೊತ್ತು, ಒಂದೇ ಜಾಗ, ಏಳು ನಿಮಿಷ. ಭಾನುವಾರ ಬಿಟ್ಟು ನಲವತ್ತು ದಿನ ಮಾಡು. ತಪ್ಪಿದ್ರೆ ಮತ್ತೆ ಒಂದರಿಂದ."

ಅವರ ಮನಸ್ಸಿನಲ್ಲಿದ್ದದ್ದು ಮನೆಯ ಮೂಲೆ. ಆದರೆ ಮನೆಯ ಒಂದೇ ಕೋಣೆಯಲ್ಲಿ ಅತ್ತೆಯೂ ಅತ್ತೆಯ ಟೀವಿಯೂ ಇದ್ದವು. ಲಿಫ್ಟಣ್ಣ ಮೂರು ಮತ್ತು ನಾಲ್ಕನೇ ಮಹಡಿಗಳ ನಡುವಿನ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟೆಳೆದ. ಮಧ್ಯಾಹ್ನ ಹನ್ನೆರಡಕ್ಕೆ ಲಿಫ್ಟನ್ನು ಆ ಗೀಟಿಗೆ ಸರಿಯಾಗಿ ನಿಲ್ಲಿಸಿ ಮಂಡಿಯೂರಿದ. ಒಳಗೆ ಜನ ಇದ್ದರೂ ಅಷ್ಟೇ.

"ಏನಣ್ಣಾ ಇದು, ನನ್ನ ಊಟದ ಡಬ್ಬಿ ಮೇಲಿದೆ," ಅಂದಳು ಟೈಪಿಸ್ಟಮ್ಮ.

"ಐದು ನಿಮಿಷ ಉಳಿದಿದೆ ತಂಗಿ. ಮಾತಾಡ್ಸಿದ್ರೆ ಮೊದಲಿಂದ ಎಣಿಸ್ಬೇಕಾಗುತ್ತೆ."

ವಾರ ಕಳೆಯುವುದರೊಳಗೆ ಅವಳು ಡಬ್ಬಿಯನ್ನೇ ಲಿಫ್ಟಿಗೆ ತರತೊಡಗಿದಳು.

ಮೂವತ್ತೊಂಬತ್ತನೇ ದಿನ ಪ್ರಾರ್ಥನೆ ಮುಗಿಸಿ ಎದ್ದವನ ಕೈಗೆ ಸಾಹೇಬರು ಅಮಾನತಿನ ಆದೇಶ ಕೊಟ್ಟರು. ನಾನು ಯೂನಿಯನ್ನಿನ ಕಾರ್ಯದರ್ಶಿ, ದೇವರಿಗೂ ನನಗೂ ಮಾತುಕತೆ ಇಲ್ಲ. ಆದರೂ ಕೇಸು ನನ್ನ ತಲೆಗೇ ಬಂತು.

"ಮೆಟ್ಟಿಲ ಮೇಲೆ ಮಾಡ್ಕೊಳೋ ಮಹರಾಯ," ಅಂದೆ.

"ಜಾಗ ಬದಲಾದ್ರೆ ಒಂದರಿಂದ ಅಣ್ಣಾ. ಇನ್ನೂ 'ತಂದೆಯೇ' ಅಂದ್ಮೇಲೆ ಮುಂದೇನೂ ಬರ್ತಿಲ್ಲ. ಬರೀ ಲಿಫ್ಟಿನ ಹಗ್ಗದ ಸದ್ದು ಕೇಳಿಸ್ತದೆ. ನಾಳೆ ತಪ್ಪಿದ್ರೆ ನಾನು ಮತ್ತೆ ಶುರು ಮಾಡೋನಲ್ಲ."

ಮರುದಿನ ಹನ್ನೆರಡರ ಹೊತ್ತಿಗೆ ಸಂದರ್ಶಕರ ಚೀಟಿ ಬರೆಸಿಕೊಂಡು ಬಂದ. ಯಾರನ್ನು ಕಾಣಬೇಕು ಎಂಬಲ್ಲಿ 'ದೇವರು' ಎಂದು ಬರೆದಿದ್ದ.

"ಯಾವ ಮಹಡಿ?" ಕಾವಲುಗಾರ ಕೇಳಿದ.

"ಮೂರೂವರೆ."

ಅವನ ಬದಲಿಗೆ ಹಾಕಿದ್ದ, ಸಾಹೇಬರ ಕಾರಿನ ಡ್ರೈವರ್ ಹಿಡಿ ಹಿಡಿದಿದ್ದ. ಒಳಗೆ ಸಾಹೇಬರು, ನಾನು, ಲಿಫ್ಟಣ್ಣ. ಮೂರನೇ ಮಹಡಿ ದಾಟುತ್ತಲೇ ಡ್ರೈವರ್ ಏನನ್ನೋ ತಪ್ಪಾಗಿ ತಿರುಗಿಸಿದ. ಲಿಫ್ಟು ಗಕ್ಕನೆ ನಿಂತಿತು. ಮತ್ತೆ ಅಲುಗಾಡಲಿಲ್ಲ.

ಸಾಹೇಬರು ಬೆವರಿ ತೊಪ್ಪೆಯಾದರು. "ಏನಾದ್ರೂ ಮಾಡಯ್ಯ," ಅಂದರು ಲಿಫ್ಟಣ್ಣನಿಗೆ.

"ಒಂದು ಗೇಣು ಮೇಲೆ ಹೋಗ್ಬೇಕು ಸರ್." ಹಿಡಿ ತಗೊಂಡು ಒಂದು ಗೇಣು ಮೇಲೇರಿಸಿ, ಗೀಟಿಗೆ ಸರಿಯಾಗಿ ನಿಲ್ಲಿಸಿ, ಮಂಡಿಯೂರಿದ. "ಮುಗಿಸಿ ಮೇಲೆ ಬಿಡ್ತೀನಿ."

"ಹಾಗಾದ್ರೆ ಗಟ್ಟಿಯಾಗಿ ಮಾಡು. ಏನು ಗೊಣಗ್ತೀಯ ಅಂತ ನಮಗೂ ಗೊತ್ತಾಗ್ಲಿ," ಅಂದರು ಸಾಹೇಬರು.

"ತಂದೆಯೇ," ಅಂದ. ತಲೆಯೆತ್ತಿ ನಮ್ಮ ಮುಖಗಳನ್ನು ನೋಡಿದ. ಆಮೇಲೆ ಬಂತು ನೋಡಿ.

"ಐದನೇ ಮಹಡಿ ಟೈಪಿಸ್ಟಮ್ಮನ ಗಂಡನ ಕುಡಿತ ಬಿಡ್ಸಪ್ಪ. ನಾಲ್ಕನೇ ಮಹಡಿ ಜವಾನನ ಮಂಡಿ ನೋಡು. ಸಾಹೇಬ್ರಿಗೆ ಸಕ್ಕರೆ ಕಾಯಿಲೆ ಜಾಸ್ತಿ, ಮಗಳು ಮಾತು ಬಿಟ್ಟಿದ್ದಾಳೆ. ಫೋನ್ ಮಾಡೋ ಬುದ್ಧಿ ಅವಳಿಗೆ ಕೊಡು, ಇಲ್ಲಾ ಇವರಿಗೆ ಕೊಡು. ಈ ಯೂನಿಯನ್ ಅಣ್ಣ ನಿನ್ನ ನಂಬಲ್ಲ, ಪರವಾಗಿಲ್ಲ, ಅವನ ಮೂಲವ್ಯಾಧಿ ವಾಸಿ ಮಾಡು."

ಇಪ್ಪತ್ತೆರಡು ವರ್ಷ ಅವನ ಬೆನ್ನ ಹಿಂದೆ ನಿಂತು ನಾವೆಲ್ಲ ಹೇಳಿಕೊಂಡಿದ್ದು ಮಹಡಿ ಮಹಡಿಯಾಗಿ ಹೊರಬಂತು. ನಾಚಿಕೆಯಿಂದ ನಾನು ಜಾಲರಿ ನೋಡುತ್ತಾ ನಿಂತೆ. ಕೊನೆಗೆ ಹೆಂಡತಿಯ ಹೆಸರು ಹೇಳಿದ. ಆಮೇಲೆ ಮೂಗೊರೆಸಿಕೊಂಡು ಎದ್ದು ನಮ್ಮನ್ನು ಮೇಲೆ ಬಿಟ್ಟ.

ಐದನೇ ಮಹಡಿಯಲ್ಲಿ ಸಾಹೇಬರು ಅಂಗಿ ಸರಿಮಾಡಿಕೊಂಡರು. "ಹದಿನಾರು ನಿಮಿಷ ಆಯ್ತು."

"ಹೌದು ಸರ್. ಬರ್ತಾ ಇತ್ತು, ನಿಲ್ಲಿಸೋಕಾಗ್ಲಿಲ್ಲ."

"ನಾಳೆ ಹತ್ತಕ್ಕೆ ಕೆಲಸಕ್ಕೆ ಬಾ. ಏಳರ ಮೇಲೆ ಒಂದು ನಿಮಿಷ ಆದ್ರೂ ಮೆಮೊ ಕೊಡ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಮಗಳ ವಿಷಯ ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ ಹೇಳು."