ಗಾಜಿನದೋ, ಫಿಲಂನದೋ

ಆಗ ನನ್ನ ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಚಾಮರಾಜನಗರದ ಕಾಲೇಜಿನಲ್ಲಿ. ಕಂಪ್ಯೂಟರಿನಿಂದ ವಿಂಡೋಸ್ ಕಿತ್ತುಹಾಕಿ ಲಿನಕ್ಸ್ ಹಾಕಿಕೊಂಡ ಹೊಸತು. ಯಾರು ಏನು ಹೇಳಿದರೂ ಪುರಾವೆ ಕೇಳುವುದು ಯೂನಿವರ್ಸಿಟಿಯಿಂದಲೇ ಅಂಟಿಕೊಂಡು ಬಂದ ಚಟ.

ಒಂದು ಭಾನುವಾರ ಬೆಳಿಗ್ಗೆ ಲಾರಿಗಳ ಟಾರ್ಪಾಲ್ ಹೊಲಿಯುವ ನಮ್ಮ ಬೀದಿಯ ಸಾಹೇಬರು ಹೆಂಡತಿಯೊಡನೆ ಬಂದರು. ಆಕೆಯ ಕೈಯಲ್ಲಿ ಗಂಡನ ಎದೆಯ ಎಕ್ಸ್‌ರೇ ಇತ್ತು. ಕೆಮ್ಮು ಎರಡು ತಿಂಗಳಿಂದ ನಿಂತಿರಲಿಲ್ಲ.

"ಮೈಸೂರಿಗೆ ನಡೀರಿ ಅಂದ್ರೆ ಬರಾಕಿಲ್ಲ ಅಂತಾರೆ ಮೇಷ್ಟ್ರೇ," ಎಂದರು ಆಕೆ.

"ಆಸ್ಪತ್ರೆಗೋದ್ರೆ ಒಳಗೇ ಮಡಿಕ್ಕಬುಡ್ತಾರೆ. ಈರುಳ್ಳಿ ಲಾರಿಯೋರು ಬಾಗ್ಲಲ್ಲೇ ನಿಂತವ್ರೆ. ನಿಮ್ಮ ಫ್ರೆಂಡ್ ಡಾಕ್ಟ್ರಿಗೆ ಇದರ ಫೋಟೋ ಕಳಿಸಿ. ಅವ್ರು ಬಾ ಅಂದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲ."

ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವನು ಮೈಸೂರಿನಲ್ಲಿ ಎದೆರೋಗದ ಡಾಕ್ಟರ್ ಆಗಿದ್ದ. ಆದರೆ ಲಿನಕ್ಸ್ ಹಾಕಿದ ಮೇಲೆ ನನ್ನ ಸ್ಕ್ಯಾನರ್ ಅಲುಗಾಡಿರಲೇ ಇಲ್ಲ. ಏನು ಟೈಪಿಸಿದರೂ ಯಾವ ಸ್ಕ್ಯಾನರೂ ಸಿಗಲಿಲ್ಲ ಎಂಬುದೊಂದೇ ಉತ್ತರ. ಇಬ್ಬರೂ ನನ್ನ ಬೆನ್ನ ಹಿಂದೆ ಕೂತರು. ಪ್ರತಿ ಕೆಮ್ಮಿಗೂ ನನ್ನ ಬೆರಳು ತಪ್ಪುತ್ತಿತ್ತು.

"ಅಷ್ಟು ಓದ್ಬುಟ್ಟು ಒಂದು ಡಬ್ಬ ಎಬ್ಬಿಸಕ್ಕಾಗ್ನಿಲ್ವಾ?" ಎಂದು ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.

ಆ ಮಾದರಿಯ ಸ್ಕ್ಯಾನರಿಗೆ ಶುರುವಿನಲ್ಲೇ ಒಂದು ಸಣ್ಣ ಫೈಲು ಕೊಡಬೇಕು ಎಂದು ಕೊನೆಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದು ಜೊತೆಗೆ ಬಂದ ವಿಂಡೋಸ್ ಸೀಡಿಯಲ್ಲಿತ್ತು. ಅದನ್ನು ಹುಡುಕಿ ತೆಗೆದು ಹೇಳಿದ ಜಾಗಕ್ಕೆ ಕಾಪಿ ಮಾಡಿ, ಯುಎಸ್‌ಬಿ ಕೇಬಲ್ ಎಳೆದು ಮತ್ತೆ ಸಿಕ್ಕಿಸಿದೆ. ದೀಪ ಹತ್ತಿತು. ಮೋಟಾರು ಹಲ್ಲು ಕಡಿದಂತೆ ಸದ್ದು ಮಾಡಿ ಹೊರಟಿತು. ಫಿಲಂ ಗಾಜಿಗಿಂತ ದೊಡ್ಡದು. ಎರಡು ಭಾಗ ಮಾಡಿ ಸ್ಕ್ಯಾನ್ ಮಾಡಿದೆ. ಕಪ್ಪು ಪರದೆಯ ಮೇಲೆ ಪಕ್ಕೆಲುಬುಗಳು ಒಂದೊಂದಾಗಿ ಇಳಿದು ಬಂದವು.

ಇಮೇಲ್ ಹೋಗಿ ಒಂದು ಗಂಟೆಯೊಳಗೆ ಡಾಕ್ಟರ್ ಫೋನ್ ಮಾಡಿದ.

"ಮೇಲ್ಗಡೆ ಒಂದು ಬಿಳಿ ಮಚ್ಚೆ ಇದೆ ಕಣೋ. ಫಿಲಂನದೋ ನಿನ್ನ ಗಾಜಿನದೋ? ಫಿಲಂ ತಲೆಕೆಳಗು ಇಟ್ಟು ಇನ್ನೊಂದ್ಸಲ ಮಾಡು. ಮಚ್ಚೆ ಅದರ ಜೊತೆಗೇ ತಿರುಗಿದ್ರೆ ಫಿಲಂನದು, ಆಗ ತಕ್ಷಣ ಕಳಿಸು."

ಫೋನಿಡುವಷ್ಟರಲ್ಲಿ ಕರೆಂಟು ಹೋಯಿತು. ಸಾಹೇಬರು ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದರು. ವಿಂಡೋಸ್ ಇದ್ದ ಕಾಲದಲ್ಲೇ ಗಾಜಿನ ಒಳಗೆ ತೇವದ ಮಚ್ಚೆ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು.

"ಗಾಜಿನದೇ," ಎಂದೆ. "ಏನೂ ಇಲ್ಲ."

"ಹೇಳ್ನಿಲ್ವಾ ನಾನು?" ಎಂದು ಹೆಂಡತಿಯತ್ತ ತಿರುಗಿದರು. ಆಕೆ ನನ್ನ ಮುಖವನ್ನೇ ನೋಡುತ್ತ ಫಿಲಂ ಕವರಿಗೆ ಹಾಕಿಕೊಂಡರು. ಕರೆಂಟು ಬಂದ ಮೇಲೆ ಡಾಕ್ಟರಿಗೂ ಅದನ್ನೇ ಬರೆದೆ.

ಆಮೇಲೆ ಯಾವುದೋ ಕಾರಣಕ್ಕೆ ಕಪ್ಪು ರಟ್ಟಿನ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿದೆ. ಮಚ್ಚೆ ಬರಲಿಲ್ಲ. ಕಪ್ಪು ಹಾಳೆ ಹಾಸಿ ಇಡೀ ಗಾಜನ್ನು ಸ್ಕ್ಯಾನ್ ಮಾಡಿದೆ. ಅಂಚಿನಿಂದ ಅಂಚಿಗೆ ಬರೀ ಕಪ್ಪು.

ಅವರ ಅಂಗಡಿಗೆ ಓಡಿದೆ. ಹಾಸಿದ ಟಾರ್ಪಾಲಿನ ನಡುವೆ ದಬ್ಬಳ ಹಿಡಿದು ಕೂತಿದ್ದರು. ಕತ್ತು ತೆಳ್ಳಗಾಗಿತ್ತು. ಮಚ್ಚೆ ಗಾಜಿನದಲ್ಲ, ಫಿಲಂನದೇ ಎಂದೆ.

"ಅವತ್ತು ಇಲ್ಲ ಅಂದ್ರಿ, ಇವತ್ತು ಅದೆ ಅಂತೀರಿ. ಯಾವುದ್ನ ನಂಬ್ಲಿ ಮೇಷ್ಟ್ರೇ?"

ಹೆಂಡತಿ ದಬ್ಬಳವನ್ನು ಅವರ ಕೈಯಿಂದ ತೆಗೆದಿಟ್ಟು, ಬುರ್ಖಾ ತೊಟ್ಟು ಬಂದರು. ಇಬ್ಬರನ್ನೂ ಮಧ್ಯಾಹ್ನದ ಮೈಸೂರು ಬಸ್ಸಿಗೆ ಹತ್ತಿಸಿದೆ.

ಒಂದು ತಿಂಗಳು ಮುಂಚೆ ಬಂದಿದ್ದರೆ ಆಪರೇಷನ್‌ಗೆ ನೋಡಬಹುದಿತ್ತು ಎಂದ ಡಾಕ್ಟರ್. ಸಾಹೇಬರು ಮುಂದಿನ ಮಳೆಗಾಲ ನೋಡಲಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಕರೆದಿದ್ದರು. ಆಕೆ ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಕೇಳಿದರು: "ಗಾಜಲ್ಲಿ ಏನೂ ಇಲ್ಲ ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು ಮೇಷ್ಟ್ರೇ?"

"ನಿಮ್ಮ ಅಂಗಡಿಗೆ ಬಂದೆನಲ್ಲ, ಅವತ್ತೇ," ಎಂದೆ. ನಾನು ನಂಬಿದ್ದೂ ಹಾಗೆಯೇ.

ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಕಪ್ಪು ಹಾಳೆಯ ಫೈಲು ಇನ್ನೂ ಇತ್ತು. ಅದರ ತಾರೀಖು ಆ ಭಾನುವಾರದ ಮರುದಿನದ್ದು. ಅವರನ್ನು ಬಸ್ಸಿಗೆ ಹತ್ತಿಸಿದ ಸಂಜೆ ಡಾಕ್ಟರಿಗೆ ಬರೆದ ಇಮೇಲ್ ಹುಡುಕಿದೆ. ನಡುವೆ ಮೂವತ್ತಾರು ದಿನ.

ಆ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದು ನೆನಪಿಲ್ಲ. ಅವರ ಅಂಗಡಿ ಮುಂದೆಯೇ ದಿನಾ ಬಸ್ಸಿಗೆ ಹೋಗುತ್ತಿದ್ದೆ; ಅದು ಮಾತ್ರ ಖಂಡಿತ.