ಮೆಟ್ಟಿಲ ತಿರುವು

ಅದೊಂದು ಸಾಧಾರಣ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ, ಕ್ರೋಂಪೇಟೆಯ ವೃದ್ಧಾಶ್ರಮದಲ್ಲಿದ್ದ ಅಮ್ಮನಿಗೆ ಮೊಸರನ್ನ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಅಂದು ಚಂಡಮಾರುತದ ತಾಲೀಮು. ನೀರು ನುಗ್ಗಿದರೆ ನೆಲಮಹಡಿಯವರನ್ನು ಮೇಲಕ್ಕೆ ಹೇಗೆ ಸಾಗಿಸುತ್ತಾರೆಂದು ನೋಡಲು ತಪಾಸಣೆಯ ಅಧಿಕಾರಿ ಬಂದಿದ್ದರು.

ನೆಲಮಹಡಿಯಲ್ಲೇ ಇದ್ದ ಅಮ್ಮ ಹಾಸಿಗೆ ಬಿಟ್ಟು ಏಳಲಾರಳು. ಅವಳಿಗೆ ತೊಂದರೆ ಬೇಡವೆಂದು, ಅವಳ ಬದಲು ಅಡುಗೆಯ ಸೆಲ್ವಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿದರು.

"ನೋಡೇ, ಸೆಲ್ವಿಗೆ ಪಲ್ಲಕ್ಕಿ ಯೋಗ!" ಎಂದು ಅಮ್ಮ ಮಂಚದಿಂದಲೇ ನಕ್ಕಳು.

ಅಮ್ಮನ ಕೋಣೆಯ ಬಾಗಿಲೆದುರಿನ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಹೊತ್ತವರು ಓರೆ ಮಾಡಿದರು, ಎತ್ತಿ ನೋಡಿದರು, ಆಗಲಿಲ್ಲ. "ಇರುಂಗಣ್ಣಾ," ಎಂದು ತಮಿಳಿನಲ್ಲಿ ಅವರನ್ನು ತಡೆದು ಸೆಲ್ವಿ ಕೆಳಗಿಳಿದು, ಸೀರೆ ಸರಿಮಾಡಿಕೊಂಡು, ತಾನೇ ಮೆಟ್ಟಿಲು ಹತ್ತಿದಳು. ಖಾಲಿ ಸ್ಟ್ರೆಚರನ್ನು ನೆಟ್ಟಗೆ ನಿಲ್ಲಿಸಿ ತಿರುವು ದಾಟಿಸಿದರು. ಅವಳು ಮತ್ತೆ ಮಲಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರಿಯೂ ತಟ್ಟಿದರು.

ಅಮ್ಮನ ನಗು ನಿಂತಿತ್ತು.

"ನನ್ನನ್ನು ಒಯ್ಯುವಾಗಲೂ ಅಲ್ಲಿ ಇಳಿದು ನಡೀಬೇಕೇನೇ?" ಎಂದಳು.

ಅದನ್ನೇ ಮ್ಯಾನೇಜರನ್ನು ಕೇಳಿದೆ. "ಟೀಚರ್, ತಾಲೀಮು ಪಾಸಾಯ್ತಲ್ಲ, ಇನ್ನೇನು ಭಯ?" ಎಂದು ಅವರು ಸಮಾಧಾನದ ದನಿಯಲ್ಲಿ ಹೇಳಿದರು. "ಮುಂದಿನ ತಿಂಗಳು ಮೇಲೊಂದು ರೂಮು ಖಾಲಿಯಾಗುತ್ತೆ. ಅಮ್ಮಾವರನ್ನು ಅಲ್ಲಿಗೇ ಹಾಕಿಬಿಡೋಣ."

ಆ ರೂಮು ಖಾಲಿಯಾಗುವ ಮೊದಲೇ ಚಂಡಮಾರುತ ಬಂತು. ರಸ್ತೆಗಳೆಲ್ಲ ಮುಳುಗಿ ನಾನು ಮನೆಯಲ್ಲೇ ಉಳಿದೆ. ಆಶ್ರಮದ ನೆಲಮಹಡಿಗೆ ನೀರು ನುಗ್ಗಿತು. ಅಮ್ಮ ಬದುಕಲಿಲ್ಲ.

ನೀರು ಇಳಿದ ಮೇಲೆ ಅವಳನ್ನು ತರಲು ಹೋದೆ. ಸ್ಟ್ರೆಚರ್ ಇನ್ನೂ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡೇ ಇತ್ತು.