ಮಾಂಸ ಕದ್ದ ತೋಯಿಬ್

ನನ್ನಣ್ಣ ಸೊಲೀಹಿನ್ ಪಾಲೆಂಬಾಂಗ್ ಬಂದರಿನಲ್ಲಿ ಕಥೆಪುಸ್ತಕಗಳನ್ನು ಕೈಯಲ್ಲೇ ಬರೆದು ಬಾಡಿಗೆಗೆ ಕೊಡುತ್ತಿದ್ದ. ಮೂಸಿ ನದಿಯ ಮೇಲೆ ತೇಲುವ ನಮ್ಮ ತೆಪ್ಪದ ಮನೆಯಲ್ಲಿ ಮಸಿ ಚೆಲ್ಲದ ಚಾಪೆಯೇ ಇರಲಿಲ್ಲ. ಬೈದು ಬೈದು ನನಗೇ ಬಾಯಿ ನೋಯುತ್ತಿತ್ತು.

ಅವನ ಪ್ರತಿಗಳು ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದೇ ಥರ ಇರಲಿ ಅಂತ ಯಾರೂ ಕೇಳಿದವರಲ್ಲ. ಒಂದು ಕಥೆಯಲ್ಲಿ ರಾಜನ ಔತಣದ ಮಾಂಸ ಕದ್ದು ತಿಂದು, ತಪ್ಪನ್ನು ಬೆಕ್ಕಿನ ಮೇಲೆ ಹಾಕುವ ಅಡುಗೆಯವನಿದ್ದ. ಪ್ರತಿ ಸಲ ಬರೆಯುವಾಗಲೂ ಅಣ್ಣ ಆ ಕಳ್ಳನಿಗೆ ಓಣಿಯ ಒಬ್ಬೊಬ್ಬರ ಹೆಸರಿಡುತ್ತಿದ್ದ. ಒಮ್ಮೆ ಮಸೀದಿಯ ನಗಾರಿ ಬಾರಿಸುವವನು, ಒಮ್ಮೆ ನಾನೇ! ಹೆಸರು ಬಂದವರು, ಕಥೆಯನ್ನು ಓಣಿಯವರೆದುರು ಗಟ್ಟಿಯಾಗಿ ಓದುವ ದಿನ, ಎಲ್ಲರಿಗೂ ಕಾಫಿ ಕುಡಿಸಬೇಕು, ಅದು ರೂಢಿ.

ಅಣ್ಣನ ಗೆಳೆಯ ತೋಯಿಬ್ ಸರಕಿನ ಹಡಗಿನಲ್ಲಿ ನಿಜವಾಗಿಯೂ ಅಡುಗೆಯವನು. ಅಕ್ಕಿಕೋಣೆಯ ಬೀಗದ ಕೈ ಸದಾ ಅವನ ಸೊಂಟದಲ್ಲೇ.

"ಏನೋ, ಅಡುಗೆಯವ್ನು ನಾನು, ಹೆಸ್ರು ಮಾತ್ರ ಊರೋರ್ದು! ನಾನೊಬ್ಬ ನಿನ್ ಕಣ್ಣಿಗೆ ಕಾಣಲ್ವಾ?" ಎಂದು ಅವನು ಮುನಿಸಿಕೊಳ್ಳುತ್ತಿದ್ದ.

"ನೀನು ಬೇಯ್ಸಿದ್ ಮಾಂಸಾನ ಯಾರೋ ಕದೀತಾರೆ?" ಎಂದು ಅಣ್ಣ ರೇಗಿಸುತ್ತಿದ್ದ.

ಆಮೇಲೆ ಸಿಂಗಾಪುರದಿಂದ ಕಲ್ಲಚ್ಚಿನವನೊಬ್ಬ ಬಂದ. ಜಿಡ್ಡುಮಸಿಯಲ್ಲಿ ಒಂದು ಸಲ ಬರೆದುಕೊಟ್ಟರೆ ಸಾಕು, ಅಕ್ಷರ ಕಲ್ಲಿಗೆ ಇಳಿದು ಬೇಕಾದಷ್ಟು ಪುಸ್ತಕವಾಗುತ್ತದೆ ಎಂದ. ಅಣ್ಣ ಹಿಗ್ಗಿಹೋದ. ಅತಿ ಚೆಂದದ ಬರಹಕ್ಕೆ ಅತಿ ಪ್ರೀತಿಯ ಹೆಸರನ್ನೇ ಇಟ್ಟ: ಮಾಂಸ ಕದ್ದವನು ಪಾಲೆಂಬಾಂಗಿನ ಹಡಗಿನ ಅಡುಗೆಯವ ತೋಯಿಬ್. ತೋಯಿಬ್ ಓಣಿಗೆಲ್ಲ ಕಾಫಿ ಕುಡಿಸಿ, ಮೀನಿನ ಪೆಂಪೆಕ್ ಕರಿದು ಹಂಚಿದ.

ಪುಸ್ತಕ ಬಂದರು ಬಂದರಿಗೂ ಹೋಯಿತು. ಜಾಂಬಿಯಲ್ಲೂ ತೋಯಿಬ್ ಕಳ್ಳ, ಬಾಂಕಾದಲ್ಲೂ ತೋಯಿಬ್ ಕಳ್ಳ. ನಮ್ಮ ಓಣಿಯ ತಮಾಷೆ ಅವರಿಗೇನು ಗೊತ್ತು? ಹಡಗಿನ ಒಡೆಯ ಬೀಗದ ಕೈ ವಾಪಸು ಕೇಳಿದ.

"ತಮಾಷೆಗೆ ಬರ್ದಿದ್ದು ಯಜಮಾನ್ರೇ, ನನ್ ಗೆಳೆಯಾನೇ ಬರ್ದಿದ್ದು," ಎಂದ ತೋಯಿಬ್.

"ಒಂದ್ ಪುಸ್ತಕದಲ್ಲಿದ್ರೆ ತಮಾಷೆ ಅನ್ಬೋದಪ್ಪ. ಎಲ್ಲಾದ್ರಲ್ಲೂ ಒಂದೇ ಥರ ಇದ್ಯಲ್ಲ!"

ಅಣ್ಣ ಮಸಿಕುಡಿಕೆ ಹಿಡಿದು ಮನೆಮನೆ ಅಲೆದ. ಕೈಗೆ ಸಿಕ್ಕ ಪ್ರತಿಯಲ್ಲೆಲ್ಲ ತೋಯಿಬ್ ಹೆಸರು ಹೊಡೆದು ತನ್ನ ಹೆಸರು ಬರೆದ. ಪುಸ್ತಕ ಕೆಡಿಸುತ್ತಾನೆಂದು ಜನ ಉಗಿದರು. ತೆಂಗಿನ ಚಿಪ್ಪು ಹಿಡಿದು ಮೂಸಿಯನ್ನು ಬತ್ತಿಸಲು ಹೊರಟಿದ್ದ, ಹುಚ್ಚು ಮುಂಡೇದು! ತೋಯಿಬ್ ಕೆಲಸ ಸಿಗದೆ ನದಿಯ ಮೇಲ್ಭಾಗದಲ್ಲಿ ದೂರವಿದ್ದ ಮಗಳ ಊರು ಸೇರಿದ.

ವರ್ಷಗಳ ಮೇಲೆ ನಮ್ಮ ಮನೆಯ ಮದುವೆಗೆ ಅವನು ಬಂದ. ಮುದುಕನಾಗಿದ್ದ. ಅಣ್ಣ ಅವನನ್ನು ಎದುರಿಗೇ ಕೂರಿಸಿಕೊಂಡು, ಆ ಕಥೆಯನ್ನೇ ತೆಗೆದು, ಗಟ್ಟಿಯಾಗಿ ಓದಿದ: "ಮಾಂಸ ಕದ್ದವನು ಸೊಲೀಹಿನ್."

ತೋಯಿಬ್ ನಕ್ಕುಬಿಟ್ಟ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ನನ್ನ ಕಣ್ಣು ತುಂಬಿ ಬಂತು.

"ತಪ್ಪು ಓದಿದ್ರಿ ಅಜ್ಜ!" ಎಂದಳು ಬೀಗರ ಕಡೆಯ ಹೆಂಗಸೊಬ್ಬಳು. "ಅದು ತೋಯಿಬ್ ಅಲ್ವಾ!"

"ತೋಯಿಬ್! ತೋಯಿಬ್!" ಎಂದು ಬೀಗರೆಲ್ಲ ಚಪ್ಪಾಳೆ ತಟ್ಟಿದರು. ಪಾಪ, ಅವರಿಗೆ ಅವನ ಗುರುತಿರಲಿಲ್ಲ. ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ.

"ಬರ್ತೀನೋ," ಎಂದು ತೋಯಿಬ್ ಎದ್ದು ದೋಣಿ ಹತ್ತಿದ. ಅವನ ತಟ್ಟೆಯಲ್ಲಿ ಮಾಂಸ ಮುಟ್ಟದೆ ಹಾಗೇ ಇತ್ತು.